ಸಹಾಯ ಬೇಕು: ಬಿತ್ತನೆ ಆಲೂಗಡ್ಡೆಯ ಉದ್ದ ಮೊಳಕೆ ಮುರಿಯೋದಾ, ಬೇಡ್ವಾ?

ಎಲ್ರಿಗೂ ನಮಸ್ಕಾರ. ನಮ್ಮದು ಹಾಸನದ ಹತ್ರ. ಹಿತ್ತಲಲ್ಲಿ ನಾಲ್ಕು ಸಾಲು ಆಲೂಗಡ್ಡೆ ಹಾಕೋಣ ಅಂತ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗಡ್ಡೆ ತಂದಿದೀವಿ, ಜಲಂಧರ್ ಕಡೆಯ ಮಾಲು. ಕೋಲ್ಡ್ ಸ್ಟೋರೇಜ್‌ನಿಂದ ಬಂದ್ಮೇಲೆ ಗೋಣಿಚೀಲದಲ್ಲೇ ಇತ್ತಂತೆ. ಬಿಚ್ಚಿ ನೋಡಿದ್ರೆ ಅರ್ಧಕ್ಕರ್ಧ ಗಡ್ಡೆಗೆ ಬೆರಳುದ್ದ ಬಿಳಿ ಮೊಳಕೆ, ಮುಟ್ಟಿದ್ರೆ ಮುರಿಯುತ್ತೆ. ಅದೂ ತುದಿ ಕಣ್ಣಲ್ಲಿ ಮಾತ್ರ, ಪಕ್ಕದ ಕಣ್ಣುಗಳು ಹಾಗೇ ಮಲಗಿವೆ.

ಕೊಳೆತದ್ದನ್ನ ಬಿಸಾಕಿ, ಉಳಿದಿದ್ದನ್ನ ಜಗಲಿ ಮೇಲೆ ಬಿಸಿಲು ತಾಗದ ಹಾಗೆ, ಆದ್ರೆ ಬೆಳಕು ಬೀಳೋ ಕಡೆ ಒಂದೇ ಪದರ ಹರಡಿದೀನಿ. ಮೊಳಕೆ ಇಲ್ಲದೇ ಬಂದ ಗಡ್ಡೆಗಳಲ್ಲಿ ಈಗ ಗಿಡ್ಡಗೆ, ದಪ್ಪಗೆ ಚೆನ್ನಾಗಿ ಒಡೀತಿದೆ, ಅವುಗಳ ಚಿಂತೆ ಇಲ್ಲ. ಉದ್ದ ಮೊಳಕೆಯವೇ ತಲೆನೋವು. ಪಕ್ಕದ ಮನೆ ಅಜ್ಜ "ಮುರಿದಾಕು, ಎಲ್ಲಾ ಕಣ್ಣೂ ಒಡೀತವೆ" ಅಂತಾರೆ. ಗೊಬ್ಬರದಂಗಡಿಯವ್ರು ಮುರಿದ್ರೆ ಗಡ್ಡೆ ಕಸುವು ಹೋಗುತ್ತೆ, ಹಾಗೇ ಮಣ್ಣಲ್ಲಿ ಮಲಗಿಸಿ ಅಂತಾರೆ. ಇಬ್ರೂ ಆಲೂಗಡ್ಡೆ ಬೆಳೆದವ್ರೇ! ಮಳೆ ಶುರುವಾಗಿದೆ, ಜಾಸ್ತಿ ಕಾಯೋಕಾಗಲ್ಲ, ಅಂಗಮಾರಿ ರೋಗದ ಭಯ ಬೇರೆ. ಹೋಳು ಮಾಡಿದ್ರೆ ಹಸಿ ಮಣ್ಣಲ್ಲಿ ಕೊಳೆಯುತ್ತೆ ಅಂತ ಇಡೀ ಗಡ್ಡೆನೇ ಹಾಕೋದು.

ಬೆಳೆದ ಅನುಭವ ಇರೋರು ಹೇಳಿ: ಉದ್ದ ಮೊಳಕೆ ಮುರಿದು ಹೊಸದಕ್ಕೆ ಕಾಯೋದಾ, ಇಲ್ಲ ಹಾಗೇ ನೆಟ್ಟುಬಿಡೋದಾ? ಮುರಿದ್ರೆ ಮತ್ತೆ ಒಡೆಯೋಕೆ ಎಷ್ಟು ದಿನ ಬೇಕು?