ಸಹಾಯ ಬೇಕು: ಅಲರ್ಜಿ ಇಲ್ಲದವರ ಸೀರಮ್‌ನಲ್ಲೂ ಐಜಿಇ ಸಿಗ್ನಲ್ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಪರಾಗದ ಅಲರ್ಜಿ ಬಗ್ಗೆ ಲ್ಯಾಬ್‌ನಲ್ಲಿ ಎಲೈಸಾ ಮಾಡುತ್ತಿದ್ದೇನೆ, ಅಂದರೆ ಅಲರ್ಜಿಗೆ ಕಾರಣವಾಗುವ ಐಜಿಇ ಆ್ಯಂಟಿಬಾಡಿಯನ್ನು ಬಣ್ಣದ ಮೂಲಕ ಅಳೆಯುವ ಪರೀಕ್ಷೆ. ಪ್ಲೇಟಿಗೆ ಪರಾಗದ ಎಕ್ಸ್‌ಟ್ರಾಕ್ಟ್ ಕೋಟ್ ಮಾಡಿ, ಸೀರಮ್ ಹಾಕಿ, ಕೊನೆಗೆ ಎಚ್‌ಆರ್‌ಪಿ (ಬಣ್ಣ ಬರಿಸುವ ಕಿಣ್ವ) ಜೋಡಿಸಿದ ಆ್ಯಂಟಿ-ಹ್ಯೂಮನ್ ಐಜಿಇ, ಅಂದರೆ ಮನುಷ್ಯರ ಐಜಿಇಗೆ ಅಂಟುವ ಆ್ಯಂಟಿಬಾಡಿ, ಹಾಕುತ್ತೇನೆ. ಅದು ಮೇಕೆಯ ಪಾಲಿಕ್ಲೋನಲ್ ಆ್ಯಂಟಿಬಾಡಿ, ಅಂದರೆ ಬೇರೆ ಬೇರೆ ಜಾಗಕ್ಕೆ ಅಂಟುವ ಹಲವು ಆ್ಯಂಟಿಬಾಡಿಗಳ ಮಿಶ್ರಣ. ಅಲರ್ಜಿ ಇರುವವರ ಸೀರಮ್‌ಗೆ ಬಣ್ಣ ಚೆನ್ನಾಗಿ ಬರುತ್ತದೆ. ತೊಂದರೆ ಏನೆಂದರೆ, ಯಾವ ಲಕ್ಷಣವೂ ಇಲ್ಲದ ಕೆಲವರ ಸೀರಮ್‌ಗೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿದೆ.

ಬ್ಲಾಕಿಂಗ್‌ಗೆ (ಪ್ಲೇಟಿನ ಖಾಲಿ ಜಾಗ ಮುಚ್ಚಲು) ಬಿಎಸ್‌ಎ ಎಂಬ ಪ್ರೋಟೀನ್ ಬದಲು ಹಾಲಿನ ಕೇಸಿನ್ ಹಾಕಿ ನೋಡಿದೆ. ಟ್ವೀನ್ ಬಫರ್‌ನಲ್ಲಿ ವಾಶ್ ಜಾಸ್ತಿ ಮಾಡಿದೆ. ಆ್ಯಂಟಿಬಾಡಿಯನ್ನು ಇನ್ನಷ್ಟು ಡೈಲ್ಯೂಟ್ ಮಾಡಿದರೆ ಎರಡೂ ಗುಂಪಿನ ಸಿಗ್ನಲ್ ಒಟ್ಟಿಗೇ ಇಳಿಯುತ್ತದೆ, ಏನೂ ಪ್ರಯೋಜನವಿಲ್ಲ. ಸೀರಮ್ ಹಾಕದ ವೆಲ್ (ಪ್ಲೇಟಿನ ಗುಳಿ) ಸ್ವಚ್ಛ. ಪರಾಗ ಇಲ್ಲದೆ ಬರೀ ಬ್ಲಾಕ್ ಮಾಡಿದ ವೆಲ್‌ನಲ್ಲಿ ಅದೇ ಸೀರಮ್‌ಗೆ ಬಣ್ಣವೇ ಇಲ್ಲ. ಅಂದರೆ ಸೀರಮ್ ಸುಮ್ನೆ ಪ್ಲಾಸ್ಟಿಕ್‌ಗೆ ಅಂಟುತ್ತಿಲ್ಲ ಅಲ್ವಾ?

ಗೊಂದಲ ಇರುವುದು ಇಲ್ಲೇ. ಶುದ್ಧ ಐಜಿಜಿ (ರಕ್ತದಲ್ಲಿ ಅತಿ ಹೆಚ್ಚಿರುವ ಆ್ಯಂಟಿಬಾಡಿ ಬಗೆ) ಕೋಟ್ ಮಾಡಿ ಇದೇ ಆ್ಯಂಟಿಬಾಡಿ ಹಾಕಿದಾಗ ತುಸು ಬಣ್ಣ ಬಂತು. ರಕ್ತದಲ್ಲಿ ಐಜಿಜಿ ಐಜಿಇಗಿಂತ ಸಾವಿರಾರು ಪಟ್ಟು ಹೆಚ್ಚು. ಲೈಟ್ ಚೈನ್ (ಆ್ಯಂಟಿಬಾಡಿಯ ಚಿಕ್ಕ ಸರಪಳಿ) ಎರಡಕ್ಕೂ ಒಂದೇ ಬಗೆಯದು. ಹಾಗಾಗಿ ಆ ತುಸುವೇ ಇಷ್ಟಾಗಿ ಕಾಣುತ್ತಿರಬಹುದು. ಇಲ್ಲವೇ ಅವರಲ್ಲಿ ನಿಜವಾಗಿಯೂ ಐಜಿಇ ಇದ್ದು, ಅದು ಸಸ್ಯದ ಪ್ರೋಟೀನ್‌ಗಳ ಮೇಲಿರುವ ಸಕ್ಕರೆ ಸರಪಳಿಗಳಿಗೆ, ಅಂದರೆ ಸಿಸಿಡಿಗೆ, ಅಂಟುತ್ತಿರಬಹುದು. ಅಂಥ ಐಜಿಇ ಇದ್ದವರಿಗೆ ಸಾಮಾನ್ಯವಾಗಿ ಲಕ್ಷಣ ಇರುವುದಿಲ್ಲ.

ಉಳಿದಿರುವ ಸೀರಮ್ ತೀರಾ ಕಡಿಮೆ, ಒಂದೇ ಪ್ರಯೋಗಕ್ಕೆ ಸಾಕಾಗಬಹುದು. ಐಜಿಜಿಗೆ ಅಂಟುವ ಪ್ರೋಟೀನ್-ಜಿ ಬಳಸಿ ಐಜಿಜಿ ತೆಗೆದು ನೋಡಲೇ, ಅಥವಾ ಅಂಥದೇ ಸಕ್ಕರೆ ಸರಪಳಿ ಇರುವ ಅನಾನಸ್‌ನ ಬ್ರೋಮೆಲೇನ್ ಬೆರೆಸಿ ಸಿಸಿಡಿ ತಡೆದು ನೋಡಲೇ? ಐಜಿಇಯಲ್ಲಿ ಮಾತ್ರ ಇರುವ ಎಪ್ಸಿಲಾನ್ ಚೈನ್‌ಗೆ ಮಾತ್ರ ಅಂಟುವ ಮೊನೊಕ್ಲೋನಲ್‌ಗೆ (ಒಂದೇ ಜಾಗಕ್ಕೆ ಅಂಟುವ ಆ್ಯಂಟಿಬಾಡಿಗೆ) ಬದಲಾದವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಈ ಸಿಗ್ನಲ್ ಹೋಯಿತೇ?