ಅಪ್‌ಡೇಟ್: ಅಕ್ರೋಟ್ ಮರದ ಹತ್ತಿರ ಬಾಡುತ್ತಿದ್ದ ಟೊಮೆಟೊ

ಮೂರು ವಾರದ ಹಿಂದೆ ಕೇಳಿದ್ದೆ: ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿರೋ ನಮ್ಮ ದೊಡ್ಡ ಹಿತ್ತಲಲ್ಲಿ ಹಳೇ ಅಕ್ರೋಟ್ ಮರದಿಂದ 15 ಅಡಿ ದೂರದ ಟೊಮೆಟೊ, ಬದನೆ ಗಿಡಗಳು ಮಣ್ಣು ಒದ್ದೆಯಿದ್ದರೂ ಬಾಡ್ತಿವೆ, ಪಕ್ಕದ ಹುರುಳಿಕಾಯಿ ಮಾತ್ರ ಚೆನ್ನಾಗಿದೆ, ಯಾಕೆ ಅಂತ.

ನೀರು ಹೆಚ್ಚಿಸಿದೆ, ಎಪ್ಸಮ್ ಸಾಲ್ಟ್ ಹಾಕಿದೆ. ಎರಡರಿಂದಲೂ ಏನೂ ಆಗಲಿಲ್ಲ. "ಅಕ್ರೋಟ್ ಬೇರಿನಿಂದ ಬರೋ ಜಗ್ಲೋನ್ ಅನ್ನೋ ವಿಷ ಇರಬೇಕು, ಕುಂಡದಲ್ಲಿ ಹಾಕಿ ನೋಡಿ" ಅಂದವರ ಮಾತೇ ನಿಜವಾಯ್ತು. ಹೊಸ ಮಣ್ಣು ತುಂಬಿದ ಕುಂಡಗಳಲ್ಲಿ, ಮರದಿಂದ ದೂರ ಇಟ್ಟ ಸಸಿಗಳು ಈಗ ಹೂ ಬಿಟ್ಟಿವೆ. ತುಂಬಾ ಥ್ಯಾಂಕ್ಸ್!

ಆಗ ನಾನು ವಾದ ಮಾಡಿದ್ದೆ: ಆ ವಿಷ ಜಾಸ್ತಿ ಇರೋದು ಕರಿ ಅಕ್ರೋಟಿನಲ್ಲಿ, ನಮ್ಮದು ತೆಳು ಸಿಪ್ಪೆಯ, ತಿನ್ನೋ ಜಾತಿ ಅಂತ. ಆಮೇಲೆ ಕಾಂಡ ಗಮನಿಸಿದೆ. ಬುಡದಿಂದ ಎರಡಡಿ ಮೇಲೆ ಗೆರೆ ಎಳೆದ ಹಾಗಿದೆ. ಕೆಳಗೆ ಕಪ್ಪು, ಒರಟು ತೊಗಟೆ, ಮೇಲೆ ನುಣುಪಾದ ಬೂದು. ಕಸಿ ಮರ! ಕ್ಯಾಲಿಫೋರ್ನಿಯಾದಲ್ಲಿ ಕರಿ ಅಕ್ರೋಟಿನ ಬೇರಿಗೆ ತಿನ್ನೋ ಜಾತಿಯನ್ನು ಕಸಿ ಕಟ್ಟೋದು ಹಳೇ ರೂಢಿಯಂತೆ. ನಿಮ್ಮ ಮರದ ಬುಡವನ್ನೂ ಒಮ್ಮೆ ನೋಡಿ.

ಕಡಿದರೂ ಬೇರು ಕೊಳೆಯೋವರೆಗೆ ತೊಂದರೆ ತಪ್ಪಲ್ಲ, ಹಾಗಾಗಿ ಮರ ಉಳಿಸಿಕೊಂಡಿದ್ದೇವೆ. ಅಲ್ಲಿ ಇನ್ನು ಹುರುಳಿಕಾಯಿ, ಜೋಳ, ಈರುಳ್ಳಿ.