ಬಡಾವಣೆಯಲ್ಲಿ ಸಾಮೂಹಿಕ ಈಜುಕೊಳ: ಮೊದಲು ಏನನ್ನು ಯೋಚಿಸಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯ ನಿವಾಸಿಗಳೆಲ್ಲ ಸೇರಿ, ಸಂಘದ ಖಾಲಿ ನಿವೇಶನದಲ್ಲಿ 12 ಮೀಟರ್ ಉದ್ದ, 6 ಮೀಟರ್ ಅಗಲದ ಈಜುಕೊಳ ಕಟ್ಟಿಸಬೇಕೆಂದಿದ್ದೇವೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1: ಮೊದಲು ನೀರಿನ ಮೂಲವನ್ನು ನೋಡಿಕೊಳ್ಳಿ ಸರ್. ಸರಾಸರಿ 1.2 ಮೀಟರ್ ಆಳವಿಟ್ಟರೂ ಸುಮಾರು 86,000 ಲೀಟರ್ ಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತ್ತು.

ಉತ್ತರ 2: ನಮ್ಮಲ್ಲಿ ಕಟ್ಟುವ ಹಣ ಬೇಗ ಕೂಡಿತು, ತಿಂಗಳ ವಂತಿಗೆ ಮಾತ್ರ ಕೂಡಲಿಲ್ಲ. ಪಂಪು ಕೆಟ್ಟು ರಿಪೇರಿಗೆ ದುಡ್ಡಿಲ್ಲದೆ ನಿಂತಾಗ, ನೀರು ಹಸಿರುಗಟ್ಟಿ ಮೆಟ್ಟಿಲುಗಳೆಲ್ಲ ಪಾಚಿಯಿಂದ ಜಾರತೊಡಗಿದವು. ಆದ್ದರಿಂದ ನಿರ್ವಹಣೆಯ ನಿಧಿಯನ್ನು ಮೊದಲೇ ಕೂಡಿಸಿಡಿ.

ಉತ್ತರ 3: ಮಕ್ಕಳು ಒಬ್ಬೊಬ್ಬರೇ ಒಳಹೋಗದಂತೆ ಸುತ್ತಲೂ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು, ತರಬೇತಿ ಪಡೆದ ಜೀವರಕ್ಷಕರು ಇರಲೇಬೇಕು, ಇವುಗಳ ಖರ್ಚಿನಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.